ಬಾವಿಯ ಏರಿನಲ್ಲಿ ಸೋಲುತ್ತಿದ್ದ ಎಂಜಿನ್ನು

ಹಂಪಸಾಗರದ ಕಡೆಯಿಂದ ಬೈಕಿನಲ್ಲಿ ಬರುವಾಗ ಮೆಕ್ಕೆಜೋಳದ ಹೊಲದಿಂದ ಹಂದಿಯೊಂದು ಅಡ್ಡ ನುಗ್ಗಿ ನನ್ನ ಬಲಗಾಲನ್ನು ಎರಡು ಕಡೆ ಮುರಿಯಿತು. ಹಂದಿಗೆ ಏನೂ ಆಗಲಿಲ್ಲ. ಅದು ಎದ್ದು ಮೈ ಕೊಡವಿಕೊಂಡು ಆಚೆ ಹೊಲಕ್ಕೆ ಹೋಯಿತು, ನಾನು ರಸ್ತೆಯಲ್ಲಿ ಬಿದ್ದುಕೊಂಡು ಅದನ್ನು ಬೈಯುತ್ತಿದ್ದೆ. ಡಾಕ್ಟರು ಕಾಲಿಗೆ ರಾಡು ಹಾಕಿ, ಮೂರು ತಿಂಗಳ ಒಳಗೆ ಈ ಕಾಲು ನೆಲಕ್ಕೆ ಊರಿದರೆ ಮತ್ತೆ ನನ್ನ ಹತ್ತಿರ ಬರಬೇಡ ಎಂದು ಹೇಳಿ ಕಳಿಸಿದರು. ಹಾಗಾಗಿ ಕೊಟ್ಟೂರಿನ ಆಚೆ ಇರುವ ನಮ್ಮ ತೋಟದ ಮನೆಯ ಮುಂದೆ, ಕಲ್ಲಿನ ಕಟ್ಟೆಯ ಮೇಲೆ, ಎರಡು ದಿಂಬಿಗೆ ಒರಗಿ ಕಾಲು ಚಾಚಿಕೊಂಡು ಕೂತೆ.

ನಮ್ಮದು ನಾಲ್ಕು ಎಕರೆ ದಾಳಿಂಬೆ. ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ಹೋಗುವುದಿಲ್ಲ, ಅದಕ್ಕೇ ಸಣ್ಣದೊಂದು ತೋಟದ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದೇವೆ. ತಂದ ಹೊಸದರಲ್ಲಿ ಊರಿನವರು, ಇದು ಯಾವ ಟ್ರ್ಯಾಕ್ಟರ್ ಹಾಕಿದ ಕರು ಎಂದು ಕೇಳಿ ನಕ್ಕಿದ್ದರು. ಅದರ ಹಿಂದೆ ಐನೂರು ಲೀಟರಿನ ಔಷಧಿ ಟ್ಯಾಂಕಿನ ಗಾಡಿ ಕಟ್ಟಿಕೊಂಡು ದಿನಕ್ಕೊಂದಿಷ್ಟು ಸಾಲಿನಂತೆ ಗಿಡಗಳಿಗೆ ಸಿಂಪಡಿಸಬೇಕು. ಮಳೆಗಾಲದಲ್ಲಿ ಒಂದು ವಾರ ತಪ್ಪಿಸಿದರೂ ಕಾಯಿಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಬಿದ್ದ ಮೇಲೆ ಯಾರ ಅಪ್ಪನಿಂದಲೂ ಉಳಿಸಲಾಗುವುದಿಲ್ಲ. ಒಬ್ಬ ಡ್ರೈವರನ್ನು ಕರೆಸಿದೆ. ಎರಡು ದಿನ ಬಂದ. ಮೂರನೆಯ ದಿನ ನಾನು ಕಟ್ಟೆಯ ಮೇಲಿಂದಲೇ ಅವನಿಗೆ ಗೇರು ಹಾಕುವುದನ್ನು ಹೇಳಿಕೊಡಲು ಹೋದೆ, ನಾಲ್ಕನೆಯ ದಿನ ಬರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅದು ಊರಿಗೇ ಗೊತ್ತು. ಆಮೇಲೆ ನನ್ನ ಹೆಂಡತಿ ಗೂಟಕ್ಕೆ ನೇತುಹಾಕಿದ್ದ ಕೀಲಿ ತೆಗೆದುಕೊಂಡಳು.

ಅವಳಿಗೆ ಟ್ರ್ಯಾಕ್ಟರ್ ಹೊಡೆಯುವುದನ್ನು ಕಲಿಸಿದವನು ನಾನೇ. ಕಲಿಸುವಾಗ ಎಷ್ಟು ಬೈದಿದ್ದೆನೆಂದರೆ, ಒಂದು ದಿನ ಅವಳು ನಡು ಹೊಲದಲ್ಲಿ ಎಂಜಿನ್ ಆರಿಸಿ ಇಳಿದು, ಸೆರಗು ಸಿಕ್ಕಿಸಿಕೊಂಡು ಮನೆಗೆ ನಡೆದುಬಿಟ್ಟಿದ್ದಳು. ಆದರೂ ಕಲಿತಳು, ಚೆನ್ನಾಗಿಯೇ ಕಲಿತಳು. ಸಾಲಿನ ಕೊನೆಯಲ್ಲಿ ತಿರುಗಿಸುವಾಗ ನನಗಿಂತ ಕಡಿಮೆ ಗಿಡ ಮುರಿಯುತ್ತಾಳೆ. ಈ ಮಾತನ್ನು ಅವಳ ಮುಂದೆ ನಾನು ಎಂದೂ ಹೇಳಿರಲಿಲ್ಲ.

ನನಗಿದ್ದ ಹೆದರಿಕೆ ಗಿಡದ ಸಾಲಿನದಲ್ಲ, ಬಾವಿಯದು. ನಮ್ಮ ಬಾವಿ ಹಳೆಯದು, ನಮ್ಮ ಮುತ್ತಜ್ಜನ ಕಾಲದ್ದು. ಅಗಲವಾಗಿದೆ, ಒಳಗೆ ಕಲ್ಲು ಕಟ್ಟಿದ್ದಾರೆ, ಮೇಲೆ ಕಟ್ಟೆ ಇಲ್ಲ. ಔಷಧಿ ಕಲಸುವ ತೊಟ್ಟಿ ಅದರ ಪಕ್ಕದಲ್ಲೇ ಇದೆ, ತೋಟ ಮೇಲೆ ದಿಣ್ಣೆಯಲ್ಲಿದೆ. ಟ್ಯಾಂಕು ತುಂಬಿಸಿಕೊಂಡು ಹೊರಟರೆ ಬಾವಿಗೆ ಬೆನ್ನು ಹಾಕಿ ಐವತ್ತು ಹೆಜ್ಜೆ ಏರು ಹತ್ತಬೇಕು. ಹಿಂದೆ ಐನೂರು ಲೀಟರ್ ನೀರಿನ ಭಾರ ಎಳೆಯುತ್ತಿರುತ್ತದೆ, ಅದರ ಹಿಂದೆ ಬಾವಿ ಬಾಯಿ ತೆರೆದುಕೊಂಡಿರುತ್ತದೆ. ಎಂಜಿನ್ ಅಲ್ಲಿ ಸೋತರೆ, ಬ್ರೇಕು ಜಾರಿದರೆ, ಟ್ರ್ಯಾಕ್ಟರೂ ಟ್ಯಾಂಕೂ ಅದರ ಮೇಲೆ ಕೂತವರೂ ಹಿಂದಕ್ಕೆ ಹೋಗುವುದು ಒಂದೇ ಜಾಗಕ್ಕೆ. ಮೇಲಕ್ಕೊಂದು ಪೈಪು ಎಳೆಸಿ ತೊಟ್ಟಿಯನ್ನು ದಿಣ್ಣೆಯ ಮೇಲೆ ಕಟ್ಟಿಸಬೇಕೆಂದು ನಾನು ನಾಲ್ಕು ವರ್ಷದಿಂದ ಅನ್ನುತ್ತಲೇ ಇದ್ದೆ. ಅನ್ನುವುದಕ್ಕೇನು, ಬಾಯಿಗೆ ಬಾಡಿಗೆಯಿಲ್ಲ.

ನಾನು ಕೂತ ಕಟ್ಟೆಯಿಂದ ಆ ಏರು ಕಾಣುವುದಿಲ್ಲ, ಮೋಟರು ಮನೆ ಅಡ್ಡ ಇದೆ. ಸದ್ದು ಮಾತ್ರ ಕೇಳಿಸುತ್ತದೆ. ನಾನು ಕೂತು ಕೇಳುತ್ತಿದ್ದೆ. ಟ್ಯಾಂಕು ತುಂಬುವಾಗ ಎಂಜಿನ್ ನಿಧಾನವಾಗಿ ಟುಕುಟುಕು ಅನ್ನುತ್ತದೆ, ಹೊರಟಾಗ ದನಿ ದಪ್ಪವಾಗುತ್ತದೆ, ಏರಿನ ನಡುವೆ ಒಂದಿಷ್ಟು ಒರಲುತ್ತದೆ, ಮೇಲೆ ಬಂದಾಗ ಹಗುರಾಗುತ್ತದೆ. ಹಗುರಾಗುವ ತನಕ ನಾನು ಉಸಿರು ಬಿಡುತ್ತಿರಲಿಲ್ಲ. ದಿನಕ್ಕೆ ಎಂಟು ಟ್ಯಾಂಕು ಎಂದರೆ ಎಂಟು ಸಲ ಆ ಐವತ್ತು ಹೆಜ್ಜೆ.

ಹೆದರಿದವನು ಸುಮ್ಮನೆ ಕೂರುವುದಿಲ್ಲ, ಏನಾದರೂ ಮಾಡುತ್ತಿರುತ್ತಾನೆ. ನಾನೂ ಎರಡು ಕೆಲಸ ಹಚ್ಚಿಕೊಂಡೆ. ಮೊದಲನೆಯದು, ಏರಿನ ನಡುವೆ ಡೀಸೆಲ್ ಮುಗಿಯಬಾರದೆಂದು ದಿನವೂ ಬೆಳಿಗ್ಗೆ ಕಂಠಮಟ್ಟ ತುಂಬಿಸಲು ಹೇಳಿದೆ. ತುಳುಕುವ ಹಾಗೆ ತುಂಬಿಸಬೇಕು, ಒಂದು ಬೆರಳು ಕಡಿಮೆಯಾದರೂ ನಾನು ಬಾಯಿ ಮಾಡುತ್ತಿದ್ದೆ. ಎರಡನೆಯದು ವಿಭೂತಿ. ನಮ್ಮ ಮನೆಯಲ್ಲಿ ಅಮಾವಾಸ್ಯೆಗೊಮ್ಮೆ ಗಾಡಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುವುದು ರೂಢಿ. ಬಾನೆಟ್ಟಿನ ಮುಂದೆ, ದೀಪಗಳ ನಡುವೆ ಹಚ್ಚುತ್ತೇವೆ. ಈಗ ನಾನು ಅದನ್ನು ದಿನಾ ಮಾಡತೊಡಗಿದೆ. ಅವಳು ಟ್ರ್ಯಾಕ್ಟರನ್ನು ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತಿದ್ದಳು. ಕಾಲು ಚಾಚಿಕೊಂಡೇ ಕೂತವನಿಗೆ ಮುಂದಿನ ದೀಪ ಎಟುಕುತ್ತಿರಲಿಲ್ಲ, ಎಟುಕಿದ್ದು ಸ್ಟೇರಿಂಗಿನ ಮುಂದೆ, ಬಾನೆಟ್ಟಿನ ಮೇಲಿರುವ ಡೀಸೆಲ್ ಟ್ಯಾಂಕಿನ ಮುಚ್ಚಳ. ದುಂಡಗೆ, ಹಣೆಯ ಹಾಗೆಯೇ ಇತ್ತು. ವಿಭೂತಿ ಗಟ್ಟಿಯನ್ನು ಅಂಗೈಯ ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಅದರ ಮೇಲೆ ಮೂರು ಪಟ್ಟೆ ಎಳೆಯುತ್ತಿದ್ದೆ, ನಡುವೆ ಒಂದು ಕುಂಕುಮದ ಬೊಟ್ಟು ಒತ್ತುತ್ತಿದ್ದೆ. ಅವಳು ಸ್ಟೇರಿಂಗ್ ಹಿಡಿದು ಕಾಯುತ್ತಿದ್ದಳು. ಆಮೇಲೆ ಹೋಗುತ್ತಿದ್ದಳು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಒಂದು ಬೆಳಿಗ್ಗೆ, ಮೂರನೆಯ ಟ್ಯಾಂಕಿನ ಹೊತ್ತಿಗೆ, ಏರಿನಲ್ಲಿ ಸದ್ದು ಇಳಿಯಿತು. ಎಂಜಿನ್ ಆರಲಿಲ್ಲ. ಒರಲುತ್ತಿದ್ದದ್ದು ಸಣ್ಣಗಾಯಿತು, ಕೆಮ್ಮಿತು, ಮತ್ತೆ ಸಣ್ಣಗಾಯಿತು, ಕೊನೆಗೆ ಹೇಗೋ ತೆವಳಿಕೊಂಡು ಮೇಲೆ ಬಂತು. ನಾನು ಚಹಾದ ಲೋಟ ಕೆಳಗಿಟ್ಟು ಅವಳನ್ನು ಕೂಗಿ ಕರೆದೆ. ಅವಳು ಬಂದು ಹೇಳಿದ್ದು ಇಷ್ಟು.

"ದಮ್ಮ ಕಟ್ಟಿದಂಗ ಆಗತೈತ್ರಿ ಅದಕ್ಕ. ರೇಸು ಕೊಟ್ರ ತಗೊಳವಲ್ದು."

ನಾನು ಅವಳನ್ನೇ ಬೈದೆ. ಕ್ಲಚ್ಚಿನ ಮೇಲೆ ಕಾಲಿಟ್ಟು ಹೊಡೆದಿರುತ್ತೀ, ಗೇರು ತಪ್ಪು ಹಾಕಿರುತ್ತೀ, ಇಷ್ಟು ವರ್ಷ ನನ್ನ ಕೈಯಲ್ಲಿ ಚೆನ್ನಾಗಿದ್ದ ಗಾಡಿ ಈಗ ಯಾಕೆ ದಮ್ಮು ಕಟ್ಟುತ್ತದೆ ಎಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹೊರಟರೆ ಎಂಜಿನ್ ಏನೂ ಆಗಿಲ್ಲವೆಂಬಂತೆ ಏರು ಹತ್ತಿತು. ಇದರಿಂದ ನನ್ನ ಹೆದರಿಕೆ ಇಮ್ಮಡಿಯಾಯಿತು. ಕೆಟ್ಟು ನಿಂತ ಎಂಜಿನ್ನನ್ನು ನಂಬಬಹುದು, ಅದು ಎಲ್ಲಿಗೂ ಒಯ್ಯುವುದಿಲ್ಲ. ಒಮ್ಮೆ ಎಳೆದು ಒಮ್ಮೆ ಬಿಡುವ ಎಂಜಿನ್ನನ್ನು ನಂಬುವುದು ಹೇಗೆ?

ಅಂದಿನಿಂದ ತಪಾಸಣೆ ಶುರುವಾಯಿತು. ನಾನು ಕಟ್ಟೆಯ ಮೇಲೆ ಕೂತು ಹೇಳುವುದು, ಅವಳು ಪಾನಾ ಹಿಡಿದು ನಟ್ಟು ಬಿಚ್ಚುವುದು. ಮೊದಲು ಗಾಳಿಯ ಫಿಲ್ಟರು ತೆಗೆಸಿದೆ. ಅದರೊಳಗೆ ಕೆಂಪು ಧೂಳು ಇದ್ದೇ ಇತ್ತು, ತಟ್ಟಿ ಊದಿ ಹಾಕಿದೆವು. ಮಾರನೆಯ ದಿನ ಮತ್ತೆ ಮೂರನೆಯ ಟ್ಯಾಂಕಿಗೆ ಸದ್ದು ಇಳಿಯಿತು. ಡೀಸೆಲ್ ಫಿಲ್ಟರು ಹೊಸದು ಹಾಕಿಸಿದೆ, ಪೈಪಿನಲ್ಲಿ ಸಿಕ್ಕ ಗಾಳಿಯನ್ನು ತೆಗೆಸಿದೆ. ಆಗಲೂ ಅಷ್ಟೇ. ಬಂಕಿನವರು ನೀರು ಬೆರೆಸಿದ್ದಾರೋ ಏನೋ ಎಂದು ಡೀಸೆಲನ್ನು ಗಾಜಿನ ಬಾಟಲಿಗೆ ಹಾಕಿಸಿ ಒಂದು ರಾತ್ರಿ ಇಟ್ಟು ನೋಡಿದೆ. ತಳದಲ್ಲಿ ಒಂದು ಹನಿ ನೀರಿರಲಿಲ್ಲ. ಸುಮ್ಮನೆ ಪಾಪದವರ ಮೇಲೆ ಅನುಮಾನ ಪಟ್ಟೆ.

ಅಷ್ಟರಲ್ಲಿ ನಾನು ಇನ್ನೊಂದು ಏರ್ಪಾಡು ಮಾಡಿದ್ದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳು ಇದ್ದಾಳೆ, ಕೂಡ್ಲಿಗಿ ಕಡೆಯವಳು, ಅರವತ್ತರ ಹತ್ತಿರದವಳು. ಬಾಯಿ ಬೊಂಬಾಯಿ, ಆದರೆ ಕೈ ಚುರುಕು. ಟ್ರ್ಯಾಕ್ಟರ್ ಏರು ಹತ್ತುವಾಗಲೆಲ್ಲ ನೀನು ಒಂದು ದಪ್ಪ ಕಲ್ಲು ಹಿಡಿದುಕೊಂಡು ಗಾಲಿಯ ಪಕ್ಕದಲ್ಲೇ ನಡೆಯಬೇಕು, ನಿಂತ ಕೂಡಲೇ ಗಾಲಿಗೆ ಕೊಡಬೇಕು ಎಂದು ಅವಳಿಗೆ ಹೇಳಿದೆ. ಅವಳು ನಕ್ಕಳು. ಮದುವಣಗಿತ್ತಿಯ ಹಿಂದೆ ಕಳಸ ಹಿಡಿದು ಹೋದಂತೆ ನಿಮ್ಮ ಹೆಂಡತಿಯ ಹಿಂದೆ ಕಲ್ಲು ಹಿಡಿದು ಹೋಗುತ್ತೇನೆ ಬಿಡಿ ಎಂದಳು. ಹೋದಳು ಕೂಡ, ಒಂದು ದಿನವೂ ತಪ್ಪಿಸಲಿಲ್ಲ.

ಕೊಟ್ಟೂರಿನಿಂದ ಮೆಕ್ಯಾನಿಕ್ಕನನ್ನು ಕರೆಸಿದೆ. ಒಳ್ಳೆಯ ಕೆಲಸಗಾರ, ಕಡಿಮೆ ಮಾತಿನವನು. ಅವನು ಬಂದಾಗ ಗಾಡಿ ಆಗಷ್ಟೇ ಸೋತು ನಿಂತಿತ್ತು. ಅವನು ಮೊದಲು ಡೀಸೆಲ್ ಮುಚ್ಚಳ ತೆಗೆದು ಒಳಗೆ ಎಷ್ಟಿದೆ ಎಂದು ಇಣುಕಿ ನೋಡಿದ, ಮುಚ್ಚಿದ, ಚಾಲೂ ಮಾಡಿದ. ಆಸ್ಪತ್ರೆಯ ಬಾಗಿಲು ಕಂಡ ಕೂಡಲೇ ಜ್ವರ ಬಿಟ್ಟವರ ಹಾಗೆ ಎಂಜಿನ್ ಗುಡುಗತೊಡಗಿತು. ತುಂಬಿದ ಟ್ಯಾಂಕು ಎಳೆದುಕೊಂಡು ಎರಡು ಸಲ ಏರು ಹತ್ತಿಸಿದ, ಏನೂ ಇಲ್ಲ. ಡೀಸೆಲ್ ಚಿಮ್ಮುವ ನಾಜಲ್ ಬಿಚ್ಚಿ ಹರಪನಹಳ್ಳಿಗೆ ಕಳಿಸಿ ಪರೀಕ್ಷೆ ಮಾಡಿಸಿದ, ಅದೂ ಸರಿ ಇತ್ತು. ಮತ್ತೊಮ್ಮೆ ಬಂದಾಗಲೂ ಹಾಗೆಯೇ ಆಯಿತು. ಅವನು ಮುಚ್ಚಳ ತೆಗೆದು ಇಣುಕಿದ, ಗಾಡಿ ಸರಿಯಾಯಿತು. ಹೋಗುವಾಗ ನನ್ನ ಮುಖ ನೋಡಿ, ಗಾಡಿಗೆ ಏನೂ ಆಗಿಲ್ಲ ಎಂದು ಮೆಲ್ಲಗೆ ಹೇಳಿದ. ಹಾಗಾದರೆ ನನಗೆ ಆಗಿದೆಯಾ ಎಂದು ನಾನು ಕೂಗಾಡಿದೆ. ಅವನು ಚೀಲ ಎತ್ತಿಕೊಂಡು ಹೋದ.

ಈ ನಡುವೆ ನನ್ನ ಹೆಂಡತಿ ಒಂದು ಮಾತು ಹೇಳಿದ್ದಳು. ಒಂದು ದಿನ ಕ್ಯಾನಿನಲ್ಲಿ ಡೀಸೆಲ್ ಇರಲಿಲ್ಲವಂತೆ, ಅರ್ಧ ಟ್ಯಾಂಕಿನಲ್ಲೇ ಹೊರಟಳಂತೆ, ಅವತ್ತು ಎಂಟು ಸಲವೂ ಎಂಜಿನ್ ಸೋಲಲಿಲ್ಲವಂತೆ. ಅರ್ಧ ಇದ್ದಾಗ ಇದಕ್ಕೆ ದಮ್ಮು ಕಟ್ಟುವುದಿಲ್ಲ, ತುಂಬಿಸಿದಾಗ ಕಟ್ಟುತ್ತದೆ ನೋಡ್ರಿ ಎಂದಳು. ನಾನು ಕೇಳಿಸಿಕೊಳ್ಳಬೇಕಿತ್ತು. ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಗೆ ಹೋದದ್ದು ಅವಳು ಅರ್ಧ ಟ್ಯಾಂಕಿನಲ್ಲಿ ಬಾವಿಯ ಏರು ಹತ್ತಿದಳು ಎಂಬುದೊಂದೇ. ಡೀಸೆಲ್ ಕಡಿಮೆ ಹಾಕಿದರೆ ಎಂಜಿನ್ ಚೆನ್ನಾಗಿ ಓಡುತ್ತದೆಂದು ಯಾವ ಪುಸ್ತಕದಲ್ಲಿ ಬರೆದಿದೆ, ಹಾಗಾದರೆ ನೀನು ಉಪವಾಸ ಇದ್ದು ಕಳೆ ಕಿತ್ತು ನೋಡು ಎಂದು ಬೈದೆ. ಮರುದಿನದಿಂದ ನನ್ನ ಕಣ್ಣೆದುರೇ ತುಂಬಿಸಬೇಕೆಂದು ಹಟ ಹಿಡಿದೆ. ತುಂಬಿಸಿ ಮುಚ್ಚಳ ಬಿಗಿದ ಮೇಲೆ, ಇನ್ನಷ್ಟು ಭಕ್ತಿಯಿಂದ ವಿಭೂತಿ ಹಚ್ಚಿದೆ.

ಮಳೆ ಬಂದು ಬಿಟ್ಟ ಒಂದು ಬೆಳಿಗ್ಗೆಯ ಮಾತು. ಏರು ಕೆಸರಾಗಿತ್ತು. ಇವತ್ತು ಬೇಡ ಎಂದಿದ್ದೆ. ಎಲೆಯ ಮೇಲೆ ಚುಕ್ಕೆ ಕಾಣಿಸಿದೆ, ನಾಳೆಗೆ ಬಿಟ್ಟರೆ ಕಾಯಿಗೆ ಬರುತ್ತದೆ ಎಂದು ಅವಳು ಹೊರಟಳು. ಎರಡು ಟ್ಯಾಂಕು ಹೋದವು. ಮೂರನೆಯದು ಹೊರಟ ಸದ್ದು ಕೇಳಿತು. ದನಿ ದಪ್ಪವಾಯಿತು, ಒರಲಿತು, ನಡುವಿನಲ್ಲಿ ಸಣ್ಣಗಾಯಿತು, ಆಮೇಲೆ ನಿಂತೇ ಹೋಯಿತು. ನಿಂತ ಮೇಲೆ ಏನೂ ಕೇಳಲಿಲ್ಲ. ಮನುಷ್ಯರ ದನಿ ಇಲ್ಲ, ಕಲ್ಲಿನ ಸದ್ದಿಲ್ಲ. ಎಲ್ಲೋ ದೂರ ರೈಲಿನ ಕೂಗು ಕೇಳಿತು, ಅದಕ್ಕೂ ಬೈದೆ, ಬೇರೆ ಸದ್ದು ಕೇಳದ ಹಾಗೆ ಮಾಡಿತೆಂದು. ನಾನು ಅವಳ ಹೆಸರು ಹಿಡಿದು ಕೂಗಿದೆ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳ ಹೆಸರನ್ನು ಅಷ್ಟು ಜೋರಾಗಿ ಕರೆದದ್ದು ಅದೇ ಮೊದಲು. ಉತ್ತರ ಬರಲಿಲ್ಲ. ಕಟ್ಟೆಯಿಂದ ಇಳಿದೆ.

ಇಳಿದವನು ಎರಡು ಹೆಜ್ಜೆ ಹಾಕಿರಬೇಕು, ಬಿದ್ದೆ. ಮುರಿದ ಕಾಲಿನ ಮೇಲೆಯೇ ಬಿದ್ದೆ. ಆ ನೋವನ್ನು ಬರೆಯಲು ನನಗೆ ಬರುವುದಿಲ್ಲ. ಅಂಗಳದ ಕೆಸರಿನಲ್ಲಿ ಮೊಣಕೈ ಊರಿಕೊಂಡು ಮೋಟರು ಮನೆಯ ಕಡೆ ತೆವಳುತ್ತಿದ್ದೆ. ಆಗ ಎಂಜಿನ್ ಮತ್ತೆ ಚಾಲೂ ಆಯಿತು. ನಿಧಾನವಾಗಿ ಏರು ಹತ್ತಿ ಬಂತು. ಅವಳು ನನ್ನನ್ನು ನೆಲದ ಮೇಲೆ ಕಂಡು ಗಾಡಿಯಿಂದ ಹಾರಿ ಇಳಿದಳು. ಏನಾಯಿತು ಎಂದು ಕೇಳಿದೆ. ಏನಿಲ್ಲ, ಬಂದಾಯಿತು, ಕಲ್ಲು ಕೊಟ್ಟು ನಿಲ್ಲಿಸಿದೆವು ಎಂದಳು. ಅವಳ ಸೀರೆ ಮೊಣಕಾಲ ತನಕ ಕೆಸರಾಗಿತ್ತು. ಎರಡು ಚೊಂಬು ನೀರು ಗಟಗಟ ಕುಡಿದಳು. ಕೆಲಸದವಳು, ಎಂದೂ ಸುಮ್ಮನಿರದವಳು, ಅವತ್ತು ಬೇಲಿಯ ಕಡೆ ಮುಖ ಮಾಡಿ ನಿಂತಿದ್ದಳು. ನನಗೆ ಅದು ಆಗ ಹೊಳೆಯಲಿಲ್ಲ. ನಾನು ಬೈಯುವುದರಲ್ಲಿ ಮುಳುಗಿದ್ದೆ. ಕಾಲಿನ ಫೋಟೋ ತೆಗೆಸಿದಾಗ ರಾಡು ಅಲುಗಿರಲಿಲ್ಲ, ನನ್ನ ಪುಣ್ಯ. ಡಾಕ್ಟರು ನನ್ನನ್ನು ಬೈದರು, ಅಷ್ಟರ ಮಟ್ಟಿಗೆ ನ್ಯಾಯವಾಯಿತು.

ಆಮೇಲಿನ ಎರಡು ವಾರ ನನಗೆ ನಿದ್ದೆ ಹತ್ತಲಿಲ್ಲ. ಅರ್ಧ ಟ್ಯಾಂಕು ಔಷಧಿ ಮಾತ್ರ ಒಯ್ಯಿ ಎಂದೆ. ಹಾಗೆ ಮಾಡಿದರೆ ಎಂಟು ಸಲದ ಬದಲು ಹದಿನಾರು ಸಲ ಏರು ಹತ್ತಬೇಕಾಯಿತು. ತೋಟ ಹೋದರೆ ಹೋಗಲಿ, ನಿಲ್ಲಿಸು ಎಂದೆ. ಅವಳು ನಿಲ್ಲಿಸಲಿಲ್ಲ. ಆರು ವರ್ಷ ಮಕ್ಕಳ ಹಾಗೆ ಸಾಕಿದ ಗಿಡ, ಎರಡು ತಿಂಗಳಿಗೆ ಬಿಡುವುದಿಲ್ಲ ಎಂದಳು. ನಾನು ಬೆಳಿಗ್ಗೆ ವಿಭೂತಿಯನ್ನು ಇನ್ನೂ ದಪ್ಪವಾಗಿ ಹಚ್ಚುತ್ತಿದ್ದೆ, ಕುಂಕುಮವನ್ನು ಇನ್ನೂ ಒತ್ತಿ ಇಡುತ್ತಿದ್ದೆ.

ಒಂದು ದಿನ ಮಧ್ಯಾಹ್ನಕ್ಕೆ ಮುಂಚೆಯೇ ಅವಳು ನಡೆದುಕೊಂಡು ಬಂದಳು, ಟ್ರ್ಯಾಕ್ಟರ್ ಇಲ್ಲ. ನಾನು ಕಟ್ಟೆಯಿಂದ ಇಳಿಯಹೋದೆ. ಗಾಡಿ ಮೇಲೆ ಸಾಲಿನಲ್ಲಿ ನಿಂತಿದೆ, ಸುಮ್ಮನೆ ಕೂಡ್ರಿ ಎಂದಳು. ಸಮತಟ್ಟಾದ ಜಾಗದಲ್ಲಿ ಎಂಜಿನ್ ಸೋಲತೊಡಗಿತಂತೆ. ಆರಿಸುವ ಬದಲು, ಅದು ಕೆಮ್ಮುತ್ತಿರುವಾಗಲೇ, ಮೆಕ್ಯಾನಿಕ್ಕ ಮೊದಲು ಏನು ಮಾಡುತ್ತಿದ್ದ ಎಂದು ನೆನಪು ಮಾಡಿಕೊಂಡಳಂತೆ. ಅವನು ಮಾಡುತ್ತಿದ್ದದ್ದು ಒಂದೇ. ಡೀಸೆಲ್ ಮುಚ್ಚಳ ತಿರುಗಿಸಿದಳಂತೆ. ಟ್ಯಾಂಕು ಹುಸ್ಸೆಂದು ಗಾಳಿಯನ್ನು ಒಳಗೆ ಎಳೆದುಕೊಂಡಿತಂತೆ, ಎರಡು ಉಸಿರಿನಲ್ಲಿ ಎಂಜಿನ್ ಎದ್ದು ನಿಂತಿತಂತೆ. ಮತ್ತೆ ಬಿಗಿದು ಹೊಡೆದಳು, ಸೋತಿತು. ಮತ್ತೆ ಬಿಚ್ಚಿದಳು, ಎದ್ದಿತು.

ಇಷ್ಟು ಹೇಳಿ ಅವಳು ಸೆರಗಿನಿಂದ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟಳು. ಅದರ ಮೇಲೆ ಎರಡು ತಿಂಗಳ ವಿಭೂತಿ, ಧೂಳು, ಡೀಸೆಲು, ಕುಂಕುಮ ಕೂಡಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ನಡುವಿನ ಕುಂಕುಮದ ಬೊಟ್ಟನ್ನು ಕೆದಕಿದಳು. ಕೆಂಪು ಪುಡಿ ಉದುರಿತು. ಪಿನ್ನು ಆಳಕ್ಕೆ ಇಳಿದು ಆಚೆ ಬಂತು. ಮುಚ್ಚಳವನ್ನು ಬಿಸಿಲಿಗೆ ಹಿಡಿದಳು, ಸೂಜಿಯ ಕಣ್ಣಿನಷ್ಟು ಬೆಳಕು ಕಂಡಿತು.

ಆ ತೂತು ನನಗೆ ಗೊತ್ತಿತ್ತು. ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಟ್ಯಾಂಕು ಡೀಸೆಲನ್ನು ಹಿಡಿದುಕೊಳ್ಳುತ್ತದೆ, ಎಂಜಿನ್ನಿಗೆ ಬಿಡುವುದಿಲ್ಲ ಎಂದು ಇದೇ ಕಟ್ಟೆಯ ಮೇಲೆ ಕೂತು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ತುಂಬಾ ತುಂಬಿಸಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇಲ್ಲ, ಬೇಗ ಉಸಿರು ಕಟ್ಟುತ್ತದೆ. ಅರ್ಧ ಇದ್ದರೆ ಒಳಗಿನ ಗಾಳಿ ದಿನವೆಲ್ಲ ಸಾಕಾಗುತ್ತದೆ. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಕೂಸಿನ ಕುತ್ತಿಗೆಯನ್ನೇ ಹಿಚುಕಿ ಹಿಡಿದುಕೊಂಡು ಊರೆಲ್ಲ ಹುಡುಕಿದ್ದೆ. ಅವಳಿಗೆ ಏನೂ ಆಗದಿರಲೆಂದು ದಿನಾ ಬೆಳಿಗ್ಗೆ ಎರಡು ಕೆಲಸ ಮಾಡಿದೆ, ಆ ಎರಡೂ ಸೇರಿ ಅವಳನ್ನು ದಿನಾ ಬಾವಿಯ ಬಾಯಿಗೆ ತಂದು ನಿಲ್ಲಿಸುತ್ತಿದ್ದವು.

ಅವಳು ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾದಳೋ ಏನೋ. ನಾನು ಉದುರಿದ ಕೆಂಪು ಪುಡಿಯನ್ನು ಕಟ್ಟೆಯಿಂದ ಒರೆಸಿದೆ. ಅವಳು ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತೂತಿಗೆ ಬಾಯಿಟ್ಟು ಊದಿ ನೋಡಿ, ತೋಟಕ್ಕೆ ಹೋದಳು. ಅವತ್ತು ಉಳಿದ ನಾಲ್ಕು ಟ್ಯಾಂಕಿಗೂ ಸದ್ದು ಇಳಿಯಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಕಳೆದ ಒಂದೊಂದು ಬೆಳಿಗ್ಗೆಯ ಹೆದರಿಕೆಯೂ ಹಿಂದಿನಿಂದ ಬಂದು ಹಿಡಿಯಿತು.

ಮಾರನೆಯ ದಿನ ನಾನು ಏರನ್ನು ನೋಡಬೇಕು, ತುಂಬಿದ ಟ್ಯಾಂಕಿನ ಜೊತೆ ಒಮ್ಮೆ ಹತ್ತಬೇಕು ಎಂದೆ. ಬೇಡವೆಂದಳು. ಹಟ ಮಾಡಿದೆ. ಕೊನೆಗೆ ಇಬ್ಬರು ಹೆಂಗಸರೂ ಸೇರಿ ನನ್ನನ್ನು ಗಾಲಿಯ ಮೇಲಿನ ಮಡ್‌ಗಾರ್ಡಿನ ಮೇಲೆ ಕೂರಿಸಿ, ಕಾಲಿಗೆ ದಿಂಬು ಕೊಟ್ಟರು. ಬಾವಿಯ ಪಕ್ಕ ಟ್ಯಾಂಕು ತುಂಬಿತು. ನಾನು ಹಿಂದೆ ತಿರುಗಿ ನೋಡಿದೆ. ಕಟ್ಟೆಯ ಮೇಲೆ ಕೂತು ನೆನೆಸಿಕೊಂಡಿದ್ದಕ್ಕಿಂತ ಬಾವಿ ಹತ್ತಿರವಿತ್ತು. ಅವಳು ಗೇರು ಹಾಕಿದಳು. ಕೆಲಸದವಳು ಕಲ್ಲು ಹಿಡಿದು ಪಕ್ಕದಲ್ಲಿ ನಡೆದಳು.

ಹತ್ತು ಹೆಜ್ಜೆ ಹೋಗಿರಬೇಕು. ಆಗ ನೆಲದಲ್ಲಿ ಗಾಲಿಯ ಗುರುತು ಕಂಡೆ. ಮಳೆಯ ದಿನ ಕೆಸರಿನಲ್ಲಿ ಎದ್ದು ಈಗ ಒಣಗಿ ಕಲ್ಲಾದ ಗುರುತು. ಏರಿನ ನಡುವಿನಿಂದ ಸೊಟ್ಟಗೆ, ಹಿಂದಕ್ಕೆ, ಬಾವಿಯ ಅಂಚಿನ ತನಕ ಹೋಗಿತ್ತು. ಅಂಚಿನ ಒಂದು ಕಲ್ಲು ಇರಲಿಲ್ಲ, ಅದಿದ್ದ ಜಾಗದಲ್ಲಿ ಬರೀ ಮಣ್ಣು ಬಾಯಿ ಬಿಟ್ಟಿತ್ತು. ಇದು ಯಾವ ಗಾಲಿ ಎಂದು ಕೇಳಿದೆ. ನನ್ನ ಹೆಂಡತಿ ಮುಂದೆ ನೋಡುತ್ತ ಗಾಡಿ ಹೊಡೆಯುತ್ತಿದ್ದಳು. ಉತ್ತರ ಕೊಟ್ಟವಳು ಕೆಲಸದವಳು.

"ಟ್ಯಾಂಕಿನ ಒಂದು ಗಾಲಿ ಒಳಗ ಹೋಗಿತ್ತು ಸಾವ್ಕಾರ್ರ. ನಾ ಕೊಟ್ಟ ಕಲ್ಲು ಕೆಸರಾಗ ಜಾರಿತು. ಆಮ್ಯಾಲ ಟ್ಯಾಂಕಿನ ಕೊಳಾಯಿ ಬಿಚ್ಚಿ ನೀರು ಬಿಟ್ಟೆ, ಹಗುರಾದ ಮ್ಯಾಲ ಹೊರಗ ಬಂತು. ಅಲ್ಲೀತನಕ ಈಕಿ ಬ್ರೇಕು ಬಿಡ್ಲಿಲ್ಲ, ಇಳೀಲಿಲ್ಲ."

ನನಗೆ ತಲೆಗೆ ಏರಿಬಿಟ್ಟಿತು. ಇಳಿದು ಬರಬೇಕಿತ್ತಲ್ಲ, ಗಾಡಿ ಹೋದರೆ ಹೋಗುತ್ತಿತ್ತಲ್ಲ, ನಿನಗೆ ಬುದ್ಧಿ ಇದೆಯಾ, ನನಗೆ ಹೇಳಲಿಲ್ಲವಲ್ಲ, ಇಷ್ಟು ದಿನ ನನ್ನ ಮುಂದೆ ಏನಿಲ್ಲ ಏನಿಲ್ಲ ಎಂದು ಸುಳ್ಳು ಹೇಳಿದೆಯಲ್ಲ ಎಂದು ಶುರುಮಾಡಿದೆ. ಅವಳ ಕಿವಿಯ ಪಕ್ಕದಲ್ಲೇ ಕೂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ.

ಅವಳು ನಡು ಏರಿನಲ್ಲಿ ಗಾಡಿ ನಿಲ್ಲಿಸಿದಳು. ಎಂಜಿನ್ ಚಾಲೂ ಇತ್ತು, ಅವಳ ಎರಡು ಕಾಲೂ ಕ್ಲಚ್ಚು ಬ್ರೇಕಿನ ಮೇಲಿದ್ದವು. ಹಿಂದೆ ಐನೂರು ಲೀಟರ್ ನೀರು ತುಳುಕಾಡಿ ಗಾಡಿಯನ್ನು ಒಮ್ಮೆ ಜಗ್ಗಿತು. ನನ್ನ ಬಾಯಿ ತಾನಾಗಿಯೇ ಮುಚ್ಚಿತು. ಕೈ ಅವಳ ತೋಳನ್ನು ಹಿಡಿಯಿತು.

"ಹೇಳಿದ್ರ ನೀವು ಎದ್ದು ಬರ್ತಿದ್ರಿ," ಎಂದಳು ಅವಳು, ಮುಂದೆ ನೋಡುತ್ತಲೇ. "ಅವತ್ತು ಅಂಗಳದಾಗ ಬಿದ್ದಿದ್ರಲ್ಲ, ಅದನ್ನ ನೋಡಿದ ಮ್ಯಾಲ ನನಗ ಬಾವಿಗಿಂತ ಅದ ಹೆಚ್ಚು ಹೆದರಿಕಿ. ಈಗ ಬೈಬ್ಯಾಡ್ರಿ. ಬೈಯೋದು ಸಾಕು. ಹೆದರಿಕಿ ಆಗೇತಿ ಅಂತ ಹೇಳ್ರಿ."

ಕೆಲಸದವಳು ಗಾಲಿಗೆ ಕಲ್ಲು ಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಬಾವಿಯನ್ನು ನೋಡಿದೆ, ಅಂಚಿನಲ್ಲಿ ಬಿದ್ದುಹೋದ ಕಲ್ಲಿನ ಜಾಗವನ್ನು ನೋಡಿದೆ. ಆ ಎರಡು ಮಾತು ಹೊರಗೆ ತರಲು ಎರಡು ಸಲ ಬಾಯಿ ತೆರೆಯಬೇಕಾಯಿತು.

"ಹೆದರಿಕಿ ಆಗೇತಿ," ಎಂದೆ.

"ನನಗೂ," ಎಂದಳು. ಕಲ್ಲು ತೆಗಿ ಎಂದು ಕೆಲಸದವಳಿಗೆ ಹೇಳಿ, ಕ್ಲಚ್ಚು ಬಿಟ್ಟು, ಏರು ಹತ್ತಿಸಿದಳು.